ಉಗ್ರಾಣ, ಹೊಸ್ತಿಲು ಮತ್ತು ಕಾಲು ತೊಳೆಯುವ ಕಲ್ಲು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಊರ ಕಡೆ ಮನೆ ಕಟ್ಟಿಸುವ ವಯಸ್ಸಿಗೆ ಬಂದಿದ್ದಾರೆ. ಅವರು ತೋರಿಸುವ ನಕ್ಷೆಗಳಲ್ಲಿ ಅಡುಗೆಮನೆಯ ಪಕ್ಕಕ್ಕೆ ‘ಸ್ಟೋರ್’ ಎಂಬ ಕಿರುಕೋಣೆಯೊಂದು ಇದ್ದೇ ಇರುತ್ತದೆ. ಅಮೆರಿಕದಲ್ಲಿ ಇದ್ದು ಬಂದವರಾದರೆ ‘ಮಡ್‌ರೂಮ್’ ಎಂದು ಇನ್ನೊಂದನ್ನೂ ಸೇರಿಸಿರುತ್ತಾರೆ. ಕೆಸರು ಮೆತ್ತಿದ ಚಪ್ಪಲಿ, ಒದ್ದೆ ಕೊಡೆಗಳನ್ನು ಬಿಟ್ಟು ಒಳಗೆ ಬರುವ ಜಾಗವಂತೆ. ಹೆಸರು ಹೊಸದಿರಬಹುದು, ಈ ಎರಡು ಜಾಗಗಳೂ ನಮ್ಮ ಹಳ್ಳಿಮನೆಗಳಲ್ಲಿ ಬಹಳ ಹಿಂದಿನಿಂದ ಇದ್ದವು. ಅವುಗಳ ಇತಿಹಾಸವನ್ನು ಪಠ್ಯಪುಸ್ತಕದಲ್ಲಿ ನಾನು ನಿಮಗೆ ಹೇಳಲು ಅವಕಾಶವಿರಲಿಲ್ಲ. ಈಗ ಹೇಳುತ್ತೇನೆ.

ಮೊದಲು ಉಗ್ರಾಣದ ವಿಷಯ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ನಮ್ಮ ರೈತರು ಧಾನ್ಯ ಕಾಪಾಡುವ ಬಗೆಗಳನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಹಗೇವು, ಕಣಜ, ವಾಡೆ ಮೂರರ ಪ್ರಸ್ತಾಪವೂ ಇದೆ. ಕಣಜವೆಂದರೆ ಹಲಗೆ ಹಾಸಿದ ಧಾನ್ಯದ ಕೋಣೆ. ವಾಡೆಯೆಂದರೆ ಸುಟ್ಟ ಮಣ್ಣಿನ ಎತ್ತರದ ಗುಡಾಣ. ಮೇಲಿನಿಂದ ತುಂಬುವುದು, ಬುಡದ ಕಿಂಡಿಯಿಂದ ತೆಗೆದುಕೊಳ್ಳುವುದು, ಕಿಂಡಿಗೆ ಬಟ್ಟೆಯ ಬಿರಡೆ. ಹೀಗೆ ಮಾಡಿದರೆ ಮೊದಲು ತುಂಬಿದ ಕಾಳೇ ಮೊದಲು ಹೊರಗೆ ಬರುತ್ತದೆ. ಇಂದಿನ ಗೋದಾಮುಗಳವರು ದೊಡ್ಡ ತತ್ತ್ವವೆಂದು ಹೇಳುವುದನ್ನು ನಮ್ಮ ಕುಂಬಾರನು ಮಣ್ಣಿನಲ್ಲಿಯೇ ಮಾಡಿ ಕೊಟ್ಟಿದ್ದನು.

ಎಲ್ಲಕ್ಕಿಂತ ವಿಸ್ಮಯಕರವಾದುದು ಹಗೇವು. ಮನೆಯ ಮುಂದೆಯೋ ಊರಿನ ಎತ್ತರದ ಗಟ್ಟಿ ನೆಲದಲ್ಲೋ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ದೊಡ್ಡದಾದ ನೆಲಗುಳಿ ಅದು. ಒಳಗೆಲ್ಲ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿಬಿಟ್ಟರೆ ಹಲವು ವರ್ಷ ಕೆಡುತ್ತಿರಲಿಲ್ಲ. ಕಾರಣ ಸರಳವಾದುದು. ಮುಚ್ಚಿದ ಗುಳಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲಬಲ್ಲುದು. ಆದುದರಿಂದ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದನು. ಇಳಿಯುತ್ತಿದ್ದವನು ಸಾಮಾನ್ಯವಾಗಿ ಹಗೇವಿನ ಒಡೆಯನಲ್ಲ, ಕೂಲಿಯವನು ಎಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಎಚ್ಚರ ಏಕೆ? ಮಳೆಯನ್ನು ನಂಬುವಂತಿರಲಿಲ್ಲ, ಅದಕ್ಕೆ. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ತರಗತಿಯಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಮಿಕ್ಕಿತ್ತು; 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸಂಖ್ಯೆ ಬೆಳೆಯಬೇಕಾಗಿದ್ದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾಯಿತು. ಹಸಿವಿನ ಮುಂದೆ ತುಂಬಿದ ಹಗೇವಿಗೂ ಬರಿದಾದ ಹಗೇವಿಗೂ ಇದ್ದ ಅಂತರ ಜೀವ ಮರಣಗಳ ಅಂತರವಾಗಿತ್ತು. ನಮ್ಮ ಅಜ್ಜಿಯರು ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ಬಿಚ್ಚದೆ ಇದ್ದುದನ್ನು ಜಿಪುಣತನವೆಂದು ನಗುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು.

ಉಗ್ರಾಣದ ಒಳಗಿನ ಅಚ್ಚುಕಟ್ಟಿಗೂ ಹೀಗೆಯೇ ಕಾರಣಗಳಿದ್ದವು. ಬಿತ್ತನೆಯ ತೊಗರಿ, ಅವರೆಗಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಿದ್ದುದು ಹುಳು ಹಿಡಿಯದಿರಲೆಂದು. ಉಪ್ಪು, ಹುಣಿಸೆಹಣ್ಣು ಮಣ್ಣಿನ ಮಡಕೆಯಲ್ಲಿ ಅಥವಾ ಕಲ್ಲಿನ ಮರಿಗೆಯಲ್ಲಿ, ಏಕೆಂದರೆ ಅವು ಲೋಹವನ್ನು ತಿನ್ನುತ್ತವೆ. ಉಪ್ಪಿನಕಾಯಿ ಪಿಂಗಾಣಿಯ ಜಾಡಿಯಲ್ಲಿ. ಹಾಲು, ಬೆಣ್ಣೆ ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ. ಬೆಕ್ಕಿಗೂ ಇರುವೆಗೂ ಅದು ದೂರ. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಒಣಗಿಸಿಟ್ಟ ಪದಾರ್ಥಗಳು. ಕರಾವಳಿಯಲ್ಲಿ ಸೌತೆಕಾಯಿಗಳನ್ನು ಒಂದಕ್ಕೊಂದು ತಗಲದಂತೆ ಬಳ್ಳಿಯಲ್ಲಿ ಕಟ್ಟಿ ಮಾಡಿಗೆ ತೂಗುಹಾಕುತ್ತಿದ್ದರು. ಪ್ರತಿಯೊಂದು ವಸ್ತುವಿಗೂ ಒಂದು ಶತ್ರು ಇತ್ತು; ಆ ಶತ್ರುವನ್ನು ಅರಿತು ಅದರ ಸ್ಥಾನವನ್ನು ಗೊತ್ತುಮಾಡಿದ್ದರು.

ಆ ಶತ್ರುಗಳಲ್ಲಿ ಇಲಿಯೂ ಒಂದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿಯ ಮೈಮೇಲಿನ ಚಿಗಟದಿಂದ ಆ ರೋಗ ಹರಡುತ್ತದೆಂದು ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ ವರ್ಷ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಒತ್ತೊತ್ತಾದ ಹಳೆಯ ಪೇಟೆಯ ಮನೆಗಳಲ್ಲಿ ಧಾನ್ಯ, ದನ, ಮನುಷ್ಯರು ಒಂದೇ ಸೂರಿನಡಿ ಇದ್ದರು. ಗಾಳಿ ಬೆಳಕುಗಳಿಗೆ ಮಹತ್ವ ಕೊಟ್ಟ ಬಸವನಗುಡಿ, ಮಲ್ಲೇಶ್ವರಗಳ ಯೋಜನೆ ಅದಕ್ಕೂ ಮೊದಲೇ ಆರಂಭವಾಗಿತ್ತು; ಈ ಪಿಡುಗು ಅವುಗಳ ಬೆಳವಣಿಗೆಗೆ ವೇಗ ಕೊಟ್ಟಿತು.

ಇನ್ನು ಕಾಲು ತೊಳೆಯುವ ಜಾಗ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ ಗದ್ದೆಯಿಂದ ಬಂದವರು ನೇರವಾಗಿ ಒಳಗೆ ಕಾಲಿಟ್ಟರೆ ಮನೆಯೂ ಗದ್ದೆಯಾದೀತು. ಜಗಲಿಯ ಸೂರಿನಡಿಯಲ್ಲಿ ಗೊರಬು, ಕಂಬಳಿಕೊಪ್ಪೆಗಳನ್ನು ನೇತುಹಾಕಲು ಗೂಟಗಳು. ಅಂಗಳದ ಅಂಚಿನಲ್ಲಿ ಒರಟು ಕಲ್ಲು, ನೀರಿನ ಪಾತ್ರೆ, ಒಂದು ತಂಬಿಗೆ. ಕಾಲಿಗೆ ಹತ್ತಿದ ಇಂಬಳವನ್ನು ಬಿಡಿಸಲು ಸುಣ್ಣವೋ ಉಪ್ಪೋ ಕೈಗೆ ಸಿಗುವಂತಿರುತ್ತಿತ್ತು. ತೊಳೆದ ನೀರು ಬಾಳೆಯ ಬುಡಕ್ಕೆ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇತಿಹಾಸದ ಮೇಷ್ಟ್ರು ಅರ್ಧ ಪಾಠ ಮಾಡಿದಂತೆ. ಆ ಕಲ್ಲಿನ ಬಳಿ ಕೆಸರು ಮಾತ್ರ ನಿಲ್ಲುತ್ತಿರಲಿಲ್ಲ, ಮನುಷ್ಯರೂ ನಿಲ್ಲುತ್ತಿದ್ದರು. ರಾಗಿ ಬೆಳೆದವನು, ಹಗೇವು ತೋಡಿದವನು, ಅದರೊಳಗೆ ಉಸಿರು ಬಿಗಿಹಿಡಿದು ಇಳಿದವನು ಎಷ್ಟು ತೊಳೆದುಕೊಂಡರೂ ಹಲವು ಮನೆಗಳ ಹೊಸ್ತಿಲು ದಾಟುವಂತಿರಲಿಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದು ಲೆಕ್ಕಹಾಕಿ ಒಳಗೆ ತುಂಬಿದ್ದರಲ್ಲಿ ಅವನ ಪಾಲನ್ನು ಅಂಗಳದಲ್ಲಿಯೇ ಅಳೆದು ಸೆರಗಿಗೋ ಚೀಲಕ್ಕೋ ಸುರಿಯುತ್ತಿದ್ದರು. ಮನೆಯ ಹೆಣ್ಣುಮಕ್ಕಳೂ ತಿಂಗಳಿಗೆ ಮೂರು ದಿನ ಇದೇ ಗೆರೆಯ ಆಚೆಗೆ. ಹೊಸ ಬಡಾವಣೆಗಳಲ್ಲಿಯೂ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಮಲ ಹೊರುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋದರು. ಸಂವಿಧಾನದ 17ನೆಯ ವಿಧಿ 1950ರಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿತು, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯಿದೆಯೂ ಬಂತು. ಆದರೂ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಬೇರೆ ಲೋಟವಿರುವ ಮನೆಗಳು ಇಂದಿಗೂ ಇವೆ. ಶುಚಿಗೂ ಮಡಿಗೂ ನಡುವಿನ ಭೇದವನ್ನು ನಾವು ಇನ್ನೂ ಪೂರ್ತಿ ಕಲಿತಿಲ್ಲ.

ಆದುದರಿಂದ ಮನೆ ಕಟ್ಟಿಸುವವರಿಗೆ ನನ್ನ ಸಲಹೆ ಇಷ್ಟು. ಉಗ್ರಾಣವನ್ನು ಬಚ್ಚಲಿನ ಗೋಡೆಗೆ ತಾಗಿಸಬೇಡಿ, ತೇವ ಏರುತ್ತದೆ. ಪಡುವಣ ಬಿಸಿಲು ಬೀಳುವ ಗೋಡೆಯೂ ಬೇಡ. ಕಿಟಕಿಗೆ ಸಣ್ಣ ಕಣ್ಣಿನ ತಂತಿಬಲೆ ಹಾಕಿಸಿ. ಚೀಲಗಳು ನೆಲಕ್ಕೂ ಗೋಡೆಗೂ ತಾಗದೆ, ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿರಲಿ. ಹಳೆಯದು ಮುಂದೆ, ಹೊಸದು ಹಿಂದೆ. ಹೊರಗಡೆ ಒರಟು ಕಲ್ಲು, ನಲ್ಲಿ, ಕುಳಿತು ಚಪ್ಪಲಿ ಬಿಚ್ಚಲು ಕಟ್ಟೆ, ಕೊಡೆಗೆ ಗೂಟ, ನೀರಿಗೆ ಗಿಡದ ಕಡೆ ಇಳಿಜಾರು.

ಇಷ್ಟಾದ ಮೇಲೆ, ಮನೆಯನ್ನು ಕಟ್ಟಿದ ಮೇಸ್ತ್ರಿ ಮತ್ತು ಕೂಲಿಯವರು ಗೃಹಪ್ರವೇಶದ ದಿನ ಅದೇ ಕಲ್ಲಿನ ಮೇಲೆ ಕಾಲು ತೊಳೆದು, ಮುಂಬಾಗಿಲಿನಿಂದಲೇ ಒಳಗೆ ಬಂದು, ನಿಮ್ಮ ಪಂಕ್ತಿಯಲ್ಲಿಯೇ ಕುಳಿತು ಊಟಮಾಡುವಂತಾಗಲಿ. ಹಿರಿಯರ ಜಾಣ್ಮೆಯನ್ನು ಉಳಿಸಿಕೊಂಡು ಅವರ ತಪ್ಪನ್ನು ಕೈಬಿಡುವುದು ಹೀಗೆ.