ಒಟ್ಟಿಗೆ ಏರಿದರೆ ನೆಂಟಸ್ತನವೇ?

ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ಮುಂಬಯಿಯಲ್ಲೇ ಮೂವತ್ತು ವರ್ಷ ಕಳೆದವನಿಗೆ ಮೆದುಳಿನ ನರಕೋಶಗಳ ಉಸಾಬರಿ ಯಾಕೆ ಅಂತೀರಾ? ಹಳೆಯ ತಪ್ಪೊಂದು ಕಾಡುತ್ತಿದೆ, ಅದಕ್ಕೆ.

ಮೊದಲ ಸಲ ಶಾಖೆಯ ಜವಾಬ್ದಾರಿ ಹೊತ್ತಾಗ, ಇಬ್ಬರು ಕ್ಯಾಶಿಯರುಗಳ ಲೆಕ್ಕ ಒಂದೇ ದಿನಗಳಲ್ಲಿ ತಪ್ಪುತ್ತಿತ್ತು. ಇಬ್ಬರೂ ಸೇರಿ ಏನೋ ನಡೆಸಿದ್ದಾರೆಂದು ಅನುಮಾನಪಟ್ಟೆ. ಆಮೇಲೆ ನೋಡಿದರೆ ಅವೆಲ್ಲ ಸಂಬಳದ ದಿನಗಳು. ಎರಡೂ ಕೌಂಟರಿನಲ್ಲಿ ನೂಕುನುಗ್ಗಲು, ಅಷ್ಟೇ.

ಈ ಗುಂಡಿಯ ಬಗ್ಗೆ 1926ರಲ್ಲೇ ಇಂಗ್ಲೆಂಡಿನ ಉಡ್ನಿ ಯೂಲ್ ಎಚ್ಚರಿಸಿದ್ದರು. 1866ರಿಂದ 1911ರವರೆಗೆ ಅಲ್ಲಿನ ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಪಾಲು ಮತ್ತು ಸಾವಿನ ಪ್ರಮಾಣ, ಇವೆರಡರ ಸಹಸಂಬಂಧ 0.95! ಪೂರ್ತಿ ಹೊಂದಿದರೆ 1. ಹಾಗಂತ ಚರ್ಚಿನ ಮದುವೆಯಿಂದ ಜನ ಸತ್ತರೇ? ಎರಡೂ ತಮ್ಮ ಪಾಡಿಗೆ ನಿಧಾನವಾಗಿ ಇಳಿಯುತ್ತಿದ್ದವು.

ನರಕೋಶಗಳದ್ದೂ ಇದೇ ಕಥೆ. ಎರಡು ಕೋಶ ಒಟ್ಟಿಗೆ ಮಿಡಿದರೆ ಅವುಗಳ ನಡುವೆ ಸಂಪರ್ಕವಿದೆ ಎನ್ನಬಹುದೇ? ಪ್ರಾಣಿಗೆ ಬೆಳಕು ತೋರಿಸಿದಾಗ ಎರಡೂ ಬೇರೆಬೇರೆಯಾಗಿಯೇ ಚುರುಕಾಗಬಹುದು. 1967ರಲ್ಲಿ ಪರ್ಕೆಲ್, ಗರ್ಸ್ಟೀನ್, ಮೂರ್ ಇದಕ್ಕೊಂದು ದಾರಿ ತೋರಿಸಿದರು: ಮೊದಲ ಕೋಶದ ಈ ಸುತ್ತಿನ ದಾಖಲೆಯನ್ನು ಎರಡನೆಯದರ ಬೇರೆ ಸುತ್ತಿನದಕ್ಕೆ ಹೋಲಿಸಿ, ಅಲ್ಲೂ ಕಾಣುವ ಹೊಂದಿಕೆಯನ್ನು ಕಳೆಯಿರಿ. ನಮ್ಮ ಲೆಕ್ಕದಲ್ಲಿ, ಒಂದನೇ ಕೌಂಟರಿನ ಈ ತಿಂಗಳನ್ನು ಎರಡನೆಯದರ ಹೋದ ತಿಂಗಳಿಗೆ ಹೋಲಿಸಿದ ಹಾಗೆ. ಸಂಬಳದ ದಿನದ ಗದ್ದಲ ಅಲ್ಲೂ ಇರುತ್ತದಲ್ಲ!

1999ರಲ್ಲಿ ಕಾರ್ಲೋಸ್ ಬ್ರೋಡಿ ಇದರಲ್ಲೂ ತೂತು ಕಂಡರು. ಕೆಲವು ಸುತ್ತುಗಳಲ್ಲಿ ಎರಡೂ ಕೋಶಗಳು ಒಟ್ಟಾರೆ ಹೆಚ್ಚು ಚುರುಕಾಗಿದ್ದರೆ, ಅಥವಾ ಎರಡೂ ತಡವಾಗಿ ಎಚ್ಚೆತ್ತರೆ, ಕಳೆದ ಮೇಲೂ ಸುಳ್ಳು ಹೊಂದಿಕೆ ಉಳಿಯುತ್ತದೆ. ದೀಪಾವಳಿ ಬೋನಸ್ಸಿನ ಗದ್ದಲವನ್ನು ಹೋದ ತಿಂಗಳ ಲೆಕ್ಕ ಹೇಗೆ ತಾನೇ ಹಿಡಿದೀತು?

2021ರಲ್ಲಿ ಗೀಡೋ ಮೇಯರ್ ಎಂಬ ಸಂಶೋಧಕರು, ಎಚ್ಚರಿಸಲೆಂದೇ, ಇಲಿಯ ನರಕೋಶಗಳನ್ನು ಕ್ರಿಪ್ಟೋ ಹಣದ ಬೆಲೆಗೆ ಹೋಲಿಸಿದರು. ಸಾಮಾನ್ಯ ಪರೀಕ್ಷೆಯಲ್ಲಿ ಸಂಬಂಧ ಸಾಬೀತಾಗಿಯೇ ಬಿಟ್ಟಿತು! ಎರಡೂ ನಿಧಾನವಾಗಿ ಏರಿಳಿಯುವ ಅಂಕಿಗಳು. ಅಂಥ ಕಡೆ ಈ ಕ್ಷಣದ ಅಂಕಿ ಹಿಂದಿನದರ ನೆರಳು. ಒಂದೊಂದನ್ನೂ ಹೊಸ ಸಾಕ್ಷಿಯೆಂದು ಎಣಿಸಿದರೆ ಮೋಸಹೋಗುತ್ತೇವೆ. ಯೂಲ್ ಹೇಳಿ ಆಗ ತೊಂಬತ್ತೈದು ವರ್ಷವಾಗಿದ್ದರೂ ಪಾಠ ಹಳತಾಗಿರಲಿಲ್ಲ.

ನನ್ನ ಆ ಕ್ಯಾಶಿಯರುಗಳು ಈಗ ನಿವೃತ್ತರು. ಅನುಮಾನವನ್ನು ಬಾಯಿಬಿಟ್ಟು ಹೇಳಿರಲಿಲ್ಲ ನಿಜ, ಆದರೆ ಮೂರು ತಿಂಗಳು ಅವರೊಡನೆ ನೆಟ್ಟಗೆ ಮಾತಾಡಿರಲಿಲ್ಲ. ಇಲಿಗೆ ಬಿಟ್‌ಕಾಯಿನ್ ಕಟ್ಟಿದರೆ ನಗುತ್ತೇವೆ. ಮನುಷ್ಯರ ಮೇಲೆ ಹೊರಿಸಿದ್ದಕ್ಕೆ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ.