ಕೊಗನೊಳ್ಳಿ ಟೋಲ್ ಗೇಟಿನ ಮೇಲೊಂದು ವಿಮಾನ

ಪುಣೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಬಂದವರಿಗೆಲ್ಲ ಕೊಗನೊಳ್ಳಿ ಗೊತ್ತು. ಊರು ಗೊತ್ತಿರಲಿಕ್ಕಿಲ್ಲ, ಟೋಲ್ ಗೇಟು ಗೊತ್ತು. ಕಾಗಲ್ ದಾಟಿ, ದೂಧಗಂಗಾ ದಾಟಿ, ಕರ್ನಾಟಕಕ್ಕೆ ಕಾಲಿಟ್ಟ ಕೂಡಲೇ ಸಿಗೋದು ಅದು. ನಿಪ್ಪಾಣಿ ತಾಲೂಕಿನ ಊರು. ನಮ್ಮ ಚಾನೆಲ್‌ಗಳಿಗಂತೂ ಕೊಗನೊಳ್ಳಿ ಅಂದರೆ ಒಂದು ಲೈವ್ ಪಾಯಿಂಟ್. ಕೋವಿಡ್ ಬಂತು, ಆರ್‌ಟಿ-ಪಿಸಿಆರ್ ರಿಪೋರ್ಟ್ ತೋರಿಸಿ ಅಂತ ಅಲ್ಲಿ ತಡೆದರು, ನಾವು ಓಡಿದೆವು. ಬೆಳಗಾವಿಯಲ್ಲಿ ಅಧಿವೇಶನ ಶುರುವಾಯ್ತು, ಮಹಾರಾಷ್ಟ್ರದ ನಾಯಕರು ಬರದ ಹಾಗೆ ಪೊಲೀಸರು ಬ್ಯಾರಿಕೇಡ್ ಹಾಕಿದರು, ಮತ್ತೆ ಓಡಿದೆವು. ಉಳಿದ ಮುನ್ನೂರು ಚಿಲ್ಲರೆ ದಿನ ಆ ಊರಿನವರು ಹೇಗೆ ಬದುಕ್ತಾರೆ ಅಂತ ನಾವು ಕೇಳಿದ್ದು ಕಡಿಮೆ. ನಾನೂ ಸೇರಿಸಿಕೊಂಡೇ ಹೇಳ್ತಿದ್ದೇನೆ.

2022ರ ಡಿಸೆಂಬರ್. ಅಂಥದ್ದೇ ಒಂದು ಬ್ಯಾರಿಕೇಡ್ ದಿನ ನಾನು ಅಲ್ಲಿದ್ದೆ. ಮೈಕ್ ಕೈಯಲ್ಲಿ, ಕ್ಯಾಮೆರಾ ಪೊಲೀಸರ ಮೇಲೆ. ಅಷ್ಟೊತ್ತಿಗೆ ಮೇಲೆ ಒಂದು ಸಣ್ಣ ವಿಮಾನ ಸದ್ದು ಮಾಡಿಕೊಂಡು ಹೋಯ್ತು. ಪಕ್ಕದ ಚಹಾ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ತಲೆ ಎತ್ತಿ ನೋಡಿ, "ನಮ್ಮ ಘೋಡಾವತ್‌ರದ್ದ ಇರಬೇಕ್ ನೋಡ್ರಿ" ಅಂದರು. ಆ ವಿಮಾನ ನಿಜಕ್ಕೂ ಯಾರದ್ದೋ ನನಗೆ ತಿಳಿಯಲಿಲ್ಲ. ಆದರೆ "ನಮ್ಮ" ಅನ್ನೋ ಮಾತು ಕಿವಿಯಲ್ಲಿ ಉಳೀತು. ಕೆಳಗೆ ರಸ್ತೆ ಮೇಲೆ ನಮ್ಮವರು, ನಿಮ್ಮವರು ಅಂತ ಗೆರೆ ಎಳೀತಾ ಇದ್ದೇವೆ. ಈ ಅಜ್ಜ ಗಡಿಯ ಆಚೆಯ ಉದ್ಯಮಿಯ ವಿಮಾನವನ್ನು ನಮ್ಮದು ಅಂತಿದ್ದಾರೆ!

ಸ್ಟಾರ್ ಏರ್ ಕಥೆ ಹೇಳಬೇಕು ಅಂತ ಅವತ್ತೇ ಅನ್ನಿಸಿತ್ತು. ಹೇಳುವ ಮೊದಲು ಸ್ವಲ್ಪ ಹಿಂದೆ ಹೋಗೋಣ.

ಭಾರತದ ವಿಮಾನಯಾನದ ಚರಿತ್ರೆ ಅಂದರೆ ಎಲ್ಲರೂ ಹೇಳೋದು 1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೊತ್ತು ಮುಂಬೈನ ಜುಹೂಗೆ ಬಂದರು. ಫೋಟೋ ನೋಡಿರ್ತೀರಿ. ಮುಂದಿನ ಭಾಗ ನಮ್ಮವರಿಗೇ ಗೊತ್ತಿಲ್ಲ. ಮುಂಬೈನಿಂದ ಆ ಟಪಾಲನ್ನು ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಹಾರಿಸಿಕೊಂಡು ಹೋದರು. ದಾರಿಯಲ್ಲಿ ಇಳಿದದ್ದು ಎಲ್ಲಿ? ನಮ್ಮ ಬಳ್ಳಾರಿಯಲ್ಲಿ! ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲ್ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವಂತೆ. ಟಾಟಾ ಅವರ ಮೊದಲ ವಿಮಾನ ಮಾರ್ಗದಲ್ಲೇ ಒಂದು ಸಣ್ಣ ಊರಿನ ಹೆಸರಿತ್ತು, ಅದು ಕರ್ನಾಟಕದ ಊರು. ಆಮೇಲೆ ವಿಮಾನಗಳು ದೊಡ್ಡವಾದವು, ದೂರ ಹಾರತೊಡಗಿದವು. ಮಧ್ಯೆ ಇಳಿಯುವ ಅಗತ್ಯ ಬರಲಿಲ್ಲ. ಬಳ್ಳಾರಿಯಂಥ ಊರುಗಳು ನಕ್ಷೆಯಿಂದ ಹೊರಬಿದ್ದವು.

ಕೊಗನೊಳ್ಳಿಯಿಂದ ನೋಡಿದರೆ ಎರಡು ವಿಮಾನ ನಿಲ್ದಾಣ. ಉತ್ತರಕ್ಕೆ ಕೊಲ್ಲಾಪುರದ ಉಜಳಾಯಿವಾಡಿ, ರಸ್ತೆ ಖಾಲಿ ಇದ್ದರೆ ಅರ್ಧ ಗಂಟೆ. ದಕ್ಷಿಣಕ್ಕೆ ಬೆಳಗಾವಿಯ ಸಾಂಬ್ರಾ, ಒಂದೂವರೆ ಗಂಟೆ ಇಟ್ಕೊಳ್ಳಿ. ಕೊಲ್ಲಾಪುರದ್ದನ್ನು 1939ರಲ್ಲಿ ಕಟ್ಟಿಸಿದ್ದು ಛತ್ರಪತಿ ರಾಜಾರಾಮ ಮಹಾರಾಜರು. ಸಾಂಬ್ರಾದ್ದು 1942ರಲ್ಲಿ ಬ್ರಿಟಿಷ್ ವಾಯುಪಡೆ ಎರಡನೇ ಮಹಾಯುದ್ಧದ ತರಬೇತಿಗೆ ಮಾಡಿಕೊಂಡದ್ದು. ಒಂದು ರಾಜನದ್ದು, ಒಂದು ಯುದ್ಧದ್ದು. ಜನಸಾಮಾನ್ಯರಿಗೋಸ್ಕರ ಅಂತ ಎರಡನ್ನೂ ಕಟ್ಟಿದ್ದಲ್ಲ. ಜನ ಬಂದದ್ದು ತುಂಬ ತಡವಾಗಿ.

ಸಣ್ಣ ಊರಿಗೆ ವಿಮಾನ ಬೇಕು ಅಂತ ಸರ್ಕಾರ 1981ರಲ್ಲಿ ವಾಯುದೂತ್ ಶುರು ಮಾಡಿತು. ಮೊದಲಿಗೆ ಈಶಾನ್ಯ ರಾಜ್ಯಗಳಿಗೆ, ಆಮೇಲೆ ದೇಶದ ತುಂಬ. ನಷ್ಟದಲ್ಲಿ ಮುಳುಗಿ 1993ರಲ್ಲಿ ಇಂಡಿಯನ್ ಏರ್‌ಲೈನ್ಸ್ ಹೊಟ್ಟೆ ಸೇರಿತು. ಹತ್ತು ವರ್ಷ ಸುಮ್ಮನೆ ಹೋಯ್ತು. 2003ರ ಆಗಸ್ಟ್‌ನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಹಾರಿಸಿದರು. ಆರಂಭದ ದಿನಗಳಲ್ಲೇ ಬೆಂಗಳೂರಿನಿಂದ ಹುಬ್ಬಳ್ಳಿಗೆ. ಹೊಲದಲ್ಲಿ ಕೃಷಿ ಮಾಡಿದ, ಸೈನ್ಯದಲ್ಲಿದ್ದ ಮನುಷ್ಯ ಅವರು. ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಅನ್ನೋ ಕನಸು ನಮ್ಮ ಹಾಸನ ಜಿಲ್ಲೆಯಿಂದಲೇ ಹೊರಟದ್ದು ನೋಡಿ. ಮುಂದೆ ಅದು ಕಿಂಗ್‌ಫಿಷರ್ ಪಾಲಾಯ್ತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ನೆಲಕ್ಕೆ ಕೂತಿತು. ಆ ಕಥೆ ನಾನು ಹಲವು ಸಲ ಮಾಡಿದ್ದೇನೆ, ಇಲ್ಲಿ ಬೇಡ.

ಈಗ ಉಡಾನ್‌ಗೆ ಬರೋಣ, ಯಾಕಂದ್ರೆ ಅದಿಲ್ಲದೆ ಸ್ಟಾರ್ ಏರ್ ಇಲ್ಲ.

2016ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ಯೋಜನೆ. 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಮೊದಲ ವಿಮಾನ. ಲೆಕ್ಕ ಸರಳ. ಸುಮಾರು ಒಂದು ಗಂಟೆಯ ಹಾರಾಟಕ್ಕೆ, ಅರ್ಧದಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ ಹಾಕಿದರು. ಅಷ್ಟು ಕಡಿಮೆಗೆ ಹಾರಿಸಿದರೆ ಕಂಪನಿಗೆ ಆಗುವ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತೆ. ಅದರಲ್ಲಿ ನಮ್ಮಂಥ ರಾಜ್ಯಗಳ ಪಾಲು 20 ಪರ್ಸೆಂಟ್. ಉಳಿದದ್ದಕ್ಕೆ ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಒಂದು ಶುಲ್ಕ. ಅಂದರೆ ಬೆಂಗಳೂರು–ದೆಹಲಿ ಟಿಕೆಟ್ ತಗೊಂಡ ನಾನು, ನೀವು ಬೆಳಗಾವಿಯವನ ಟಿಕೆಟ್‌ಗೂ ಸ್ವಲ್ಪ ಕೊಟ್ಟಿದ್ದೇವೆ. ತಪ್ಪೇನಿಲ್ಲ ಬಿಡಿ. ಜೊತೆಗೆ ಆ ಮಾರ್ಗದಲ್ಲಿ ಮೂರು ವರ್ಷ ಬೇರೆಯವರು ಉಡಾನ್ ಅಡಿ ಬರೋ ಹಾಗಿಲ್ಲ. ಈ "ಮೂರು ವರ್ಷ" ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಬೆಳಗಾವಿಗೆ ಆದ ವಿಚಿತ್ರ ಕೇಳಿ. ರನ್‌ವೇ 1,830 ಮೀಟರ್‌ನಿಂದ 2,300 ಮೀಟರ್‌ಗೆ ಉದ್ದವಾಯ್ತು. 2017ರ ಸೆಪ್ಟೆಂಬರ್ 14ರಂದು ಹೊಸ ಟರ್ಮಿನಲ್ ಉದ್ಘಾಟನೆ. ಊರಿಗೆ ಊರೇ ಖುಷಿ. ಒಂದು ವರ್ಷ ತುಂಬುವುದರೊಳಗೆ ವಿಮಾನಗಳು ಹುಬ್ಬಳ್ಳಿಗೆ ಹೊರಟು ಹೋದವು! ಯಾಕೆ? ಹುಬ್ಬಳ್ಳಿ ಉಡಾನ್ ಪಟ್ಟಿಯಲ್ಲಿತ್ತು, ಬೆಳಗಾವಿ ಇರಲಿಲ್ಲ. ಬೆಳಗಾವಿಗೆ ಆಗಲೇ ವಿಮಾನ ಬರ್ತಾ ಇದೆಯಲ್ಲ, ನೆರವು ಯಾಕೆ ಅನ್ನೋದು ನಿಯಮ. ವಿಮಾನ ಬರ್ತಿದ್ದದ್ದಕ್ಕೇ ವಿಮಾನ ಕಳೆದುಕೊಂಡ ಊರು. ದೆಹಲಿಯ ಫೈಲಿನಲ್ಲಿ ಇದು ಸರಿಯಾಗೇ ಕಂಡಿರಬೇಕು. ಬೆಳಗಾವಿಯ ಜನ ಬೀದಿಗಿಳಿದರು, ಮನವಿ ಕೊಟ್ಟರು. ಕೊನೆಗೆ ಮೂರನೇ ಸುತ್ತಿನ ಉಡಾನ್‌ನಲ್ಲಿ ಬೆಳಗಾವಿಗೆ ರಾಶಿ ಮಾರ್ಗಗಳು ಸಿಕ್ಕವು.

ಅದೇ ಹೊತ್ತಿಗೆ, 2019ರ ಜನವರಿ 25ರಂದು, ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಒಂದು ಹೊಸ ಕಂಪನಿ ಹಾರಿತು. ಸ್ಟಾರ್ ಏರ್. ಹಿಂದಿರುವುದು ಘೋಡಾವತ್ ಸಮೂಹ. ಸಂಜಯ ಘೋಡಾವತ್ ಕೊಲ್ಲಾಪುರ ಜಿಲ್ಲೆಯ ಜಯಸಿಂಗಪುರದ ಕಡೆಯವರು. ಪವನ ವಿದ್ಯುತ್ತು, ದಿನಸಿ ಸಾಮಾನು, ಅತಿಗ್ರೆಯಲ್ಲಿ ದೊಡ್ಡ ವಿಶ್ವವಿದ್ಯಾಲಯ. ಮೊದಲು ಹೆಲಿಕಾಪ್ಟರ್ ಓಡಿಸುತ್ತಿದ್ದರು. ಗೋಪಿನಾಥ್ ಕೂಡ ಶುರು ಮಾಡಿದ್ದು ಹೆಲಿಕಾಪ್ಟರ್‌ನಿಂದಲೇ, ಅವರ ವಿಮಾನವೂ ಆರಂಭದ ದಿನಗಳಲ್ಲೇ ಹುಬ್ಬಳ್ಳಿ ದಾರಿ ಹಿಡಿದಿತ್ತು. ಕಾಕತಾಳೀಯ ಇರಬಹುದು. ಯಜಮಾನರು ಕೊಲ್ಲಾಪುರದವರು, ಕಾರುಬಾರು ಬೆಂಗಳೂರಿನಿಂದ, ರೆಕ್ಕೆ ಬಲಿತದ್ದು ಬೆಳಗಾವಿಯಲ್ಲಿ. ಈಗ ಹೇಳಿ, ಕೊಗನೊಳ್ಳಿಯ ಅಜ್ಜ "ನಮ್ಮ" ಅಂದದ್ದು ತಪ್ಪಾ?

ವಿಮಾನ ಯಾವುದು ಅಂದರೆ ಬ್ರೆಜಿಲ್ ದೇಶದ ಎಂಬ್ರೇಯರ್ ಕಂಪನಿಯ ಇಆರ್‌ಜೆ 145. ಪೆನ್ಸಿಲ್ ಥರ ಉದ್ದ, ಸಪೂರ. 50 ಸೀಟು. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ಮಧ್ಯದ ಸೀಟು ಅನ್ನೋ ಶಿಕ್ಷೆ ಇಲ್ಲ. ರೆಕ್ಕೆಯ ಫ್ಯಾನ್ ತಿರುಗೋ ವಿಮಾನ ಅಲ್ಲ, ಜೆಟ್ಟು.

ಇಲ್ಲೊಂದು ಚೀನಾ ಸಂಗತಿ ಹೇಳಬೇಕು. ಇದೇ ಇಆರ್‌ಜೆ 145 ಚೀನಾದ ಹಾರ್ಬಿನ್‌ನಲ್ಲೂ ತಯಾರಾಗ್ತಿತ್ತು. 2003ರಲ್ಲಿ ಎಂಬ್ರೇಯರ್ ಅಲ್ಲಿ ಜಂಟಿ ಕಾರ್ಖಾನೆ ಹಾಕಿತ್ತು. ಅಲ್ಲಿಂದ ಹೊರಬಂದ ವಿಮಾನಗಳನ್ನು ಟಿಯಾನ್‌ಜಿನ್ ಏರ್‌ಲೈನ್ಸ್ ಅನ್ನೋ ಪ್ರಾದೇಶಿಕ ಕಂಪನಿ ಒಳ ಮಂಗೋಲಿಯಾದಂಥ ಕಡೆ, ನಾವು ಹೆಸರೂ ಕೇಳದ ಊರುಗಳ ನಡುವೆ ಹಾರಿಸಿತು. ಸಣ್ಣ ಊರಿನ ಮಾರ್ಗಕ್ಕೆ ಅಲ್ಲಿಯೂ ಸರ್ಕಾರದ ದುಡ್ಡು ಬೇಕು. ನಮ್ಮ ಊರಿಗೂ ವಿಮಾನ ಬರಲಿ ಅಂತ ಸ್ಥಳೀಯ ಆಡಳಿತಗಳು ಕಂಪನಿಗಳಿಗೆ ನೆರವು ಕೊಡ್ತವೆ. ಕಮ್ಯುನಿಸ್ಟ್ ದೇಶವೋ, ಪ್ರಜಾಪ್ರಭುತ್ವವೋ, 50 ಸೀಟಿನ ಲೆಕ್ಕ ಮಾತ್ರ ಒಂದೇ. ದೊಡ್ಡ ವಿಮಾನದ 180 ಜನ ಹಂಚಿಕೊಳ್ಳೋ ಖರ್ಚನ್ನು ಇಲ್ಲಿ 50 ಜನ ಹಂಚಿಕೊಳ್ಳಬೇಕು. ಇಬ್ಬರು ಪೈಲಟ್ ಅಲ್ಲೂ ಬೇಕು, ಇಲ್ಲೂ ಬೇಕು. ಅಗ್ನಿಶಾಮಕ ವಾಹನ ಅಲ್ಲೂ ನಿಲ್ಲಬೇಕು, ಇಲ್ಲೂ ನಿಲ್ಲಬೇಕು.

ಹಾಗಾದರೆ ಸಣ್ಣ ಕಂಪನಿ ಬದುಕೋದು ಹೇಗೆ? ನಮ್ಮಲ್ಲಿ 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಲ್ಯಾಂಡಿಂಗ್ ಶುಲ್ಕ ಇಲ್ಲ. ಸ್ಟಾರ್ ಏರ್ 2023ರಲ್ಲಿ ಸೇರಿಸಿಕೊಂಡ ದೊಡ್ಡಣ್ಣ, ಎಂಬ್ರೇಯರ್ 175, ಅದರಲ್ಲೂ 76 ಸೀಟು. 12 ಬಿಸಿನೆಸ್, 64 ಸಾಮಾನ್ಯ. 50 ಆಗಲಿ 76 ಆಗಲಿ, ಎರಡೂ ಆ ಗೆರೆಯ ಕೆಳಗೆ. ಉಡಾನ್ ನಿಲ್ದಾಣಗಳಲ್ಲಿ ಇಂಧನದ ಮೇಲೆ ರಾಜ್ಯದ ತೆರಿಗೆ ಒಂದು ಪರ್ಸೆಂಟ್. ಆಮೇಲೆ ಮುಖ್ಯವಾದ್ದು, ವಿಮಾನ ನೆಲದ ಮೇಲೆ ನಿಲ್ಲಬಾರದು. ಬೆಳಗ್ಗೆ ಎದ್ದರೆ ರಾತ್ರಿವರೆಗೆ ನಮ್ಮ ಹಳೇ ಕೆಂಪು ಬಸ್ಸಿನ ಹಾಗೆ ಟ್ರಿಪ್ ಮೇಲೆ ಟ್ರಿಪ್. ಬಸ್ಸಿಗಿರೋ ತೊಂದರೆಯೇ ಇದಕ್ಕೂ. ಬೆಳಗಿನ ಟ್ರಿಪ್ ಮಂಜಿಗೆ ಸಿಕ್ಕಿ ತಡವಾದರೆ ಸಂಜೆಯ ಊರಿನವನು ಕಾಯಬೇಕು. ಬದಲಿ ವಿಮಾನ ಇಟ್ಟುಕೊಳ್ಳೋಕೆ ಇವರೇನು ಸಾಹುಕಾರ ಕಂಪನಿಯೇ?

ಪ್ರಯಾಣಿಕರು ಯಾರು ಅನ್ನೋದು ನನಗೆ ಇದಕ್ಕಿಂತ ಇಷ್ಟವಾದ ವಿಷಯ. ಬೆಳಗಾವಿಯಿಂದ ಜೋಧಪುರಕ್ಕೆ, ಸೂರತ್‌ಗೆ, ಅಹಮದಾಬಾದ್‌ಗೆ, ಇಂದೋರ್‌ಗೆ, ತಿರುಪತಿಗೆ ಮಾರ್ಗಗಳಿದ್ದವು. ಇದೆಂಥ ಪಟ್ಟಿ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಅನ್ನಿಸಬಹುದು. ಬೆಳಗಾವಿ, ನಿಪ್ಪಾಣಿ, ಚಿಕ್ಕೋಡಿಯ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ತಲೆಮಾರುಗಳಿಂದ ನೆಲೆಸಿದ ಮಾರವಾಡಿ, ಗುಜರಾತಿ ವ್ಯಾಪಾರಿಗಳಿದ್ದಾರೆ. ಸೂರತ್‌ನ ಬಟ್ಟೆ ಬೇಕು. ತಿರುಪತಿ ಬಗ್ಗೆ ಹೇಳೋದೇ ಬೇಡ. 2019ರ ನವೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ದೆಹಲಿ ಪಕ್ಕದ ಹಿಂಡನ್‌ಗೆ ಹಾರಿಸಿದರು. ಅದೇ ತಿಂಗಳ 22ಕ್ಕೆ ಕಲಬುರಗಿ ನಿಲ್ದಾಣ ಉದ್ಘಾಟನೆಯಾದಾಗ ಬೆಂಗಳೂರಿನಿಂದ ಬಂದಿಳಿದ ವಿಮಾನವೂ ಇವರದ್ದೇ. ಬೀದರ್‌ಗೆ ಹಾರುತ್ತಿದ್ದ ಟ್ರೂಜೆಟ್ ನಿಂತ ಮೇಲೆ 2022ರಲ್ಲಿ ಬೀದರ್‌ಗೂ ಬಂದರು.

ಕೊಲ್ಲಾಪುರದ ಕಥೆ ನೋಡಿದರೆ ಬೇಜಾರಾಗುತ್ತೆ. ಕಿಂಗ್‌ಫಿಷರ್ ಹೋದ ಮೇಲೆ ವರ್ಷಗಟ್ಟಲೆ ವಿಮಾನವೇ ಇಲ್ಲ. 2018ರ ಏಪ್ರಿಲ್‌ನಲ್ಲಿ ಹೊಸ ರೂಪದ ಏರ್ ಡೆಕ್ಕನ್ 19 ಸೀಟಿನ ವಿಮಾನ ತಂದಿತು. ಕೋವಿಡ್ ಬಂದದ್ದೇ ಆ ಕಂಪನಿ ನಿಂತಿತು. ಟ್ರೂಜೆಟ್ ಬಂತು, ಅದೂ ಹೋಯ್ತು. 2022ರ ಅಕ್ಟೋಬರ್‌ನಲ್ಲಿ ಸ್ಟಾರ್ ಏರ್ ಕೊಲ್ಲಾಪುರ–ಮುಂಬೈ ಶುರು ಮಾಡಿತು. ನಾಲ್ಕು ಹೆಸರು, ಒಂದೇ ಊರು. ಪ್ರತಿ ಸಲ ಹೊಸ ಕಂಪನಿ ಬಂದಾಗ ಹಾರ ಹಾಕಿ, ನೀರು ಚಿಮ್ಮಿಸಿ ಸ್ವಾಗತ. ನಾವೂ ಲೈವ್ ಕೊಡ್ತೇವೆ. ಹೋಗುವಾಗ ಯಾರೂ ಇರಲ್ಲ.

ಮೂರು ವರ್ಷ ನೆನಪಿಟ್ಕೊಳ್ಳಿ ಅಂದಿದ್ದೆ. ಸಿಎಜಿ 2023ರಲ್ಲಿ ಉಡಾನ್ ಬಗ್ಗೆ ವರದಿ ಕೊಟ್ಟಿತು. ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವು ನಿಂತ ಮೇಲೂ 2023ರ ಮಾರ್ಚ್ ಹೊತ್ತಿಗೆ ಸ್ವಂತ ಕಾಲ ಮೇಲೆ ನಿಂತಿದ್ದದ್ದು 54. ಈ ಸಂಖ್ಯೆಗಳನ್ನು ನಾನು ಸ್ಟುಡಿಯೋದಲ್ಲಿ ಓದಿದಾಗ ಪಕ್ಕದಲ್ಲಿ ಕೂತಿದ್ದ ಪಕ್ಷದ ವಕ್ತಾರರು ನಿಲ್ದಾಣಗಳ ಸಂಖ್ಯೆ ಹೇಳೋಕೆ ಶುರು ಮಾಡಿದರು. ನಿಲ್ದಾಣ ಕಟ್ಟಿದ್ದೀರಿ ಸ್ವಾಮಿ, ಒಪ್ಪಿದೆ. ಅಲ್ಲಿಗೆ ವಿಮಾನ ಎಷ್ಟು ದಿನ ಬರುತ್ತೆ ಅನ್ನೋದು ಪ್ರಶ್ನೆ.

ಬೆಳಗಾವಿಯಲ್ಲೂ ಅವಧಿ ಮುಗಿದ ಮೇಲೆ ಕೆಲವು ಮಾರ್ಗ ನಿಂತವು. ಕಂಪನಿಯನ್ನು ಬೈಯೋದು ಸುಲಭ. ನಾನು ಬೈಯಲ್ಲ. ಕೊರತೆ ತುಂಬೋರು ಇಲ್ಲದ ಮೇಲೆ ಆ ವಿಮಾನವನ್ನು ಇನ್ನೊಂದು ಊರಿನ ಹೊಸ ಉಡಾನ್ ಮಾರ್ಗಕ್ಕೆ ಒಯ್ದರೆ ಅದು ವ್ಯಾಪಾರ. 2018ರಲ್ಲಿ ಬೆಳಗಾವಿ ಹುಬ್ಬಳ್ಳಿಗೆ ವಿಮಾನ ಕಳೆದುಕೊಂಡಿತು, ನಾಳೆ ಇನ್ಯಾವುದೋ ಊರಿಗೆ ಕಳೆದುಕೊಳ್ಳುತ್ತೆ. ಮೂರು ವರ್ಷದಲ್ಲಿ ಒಂದು ಊರಿಗೆ ವಿಮಾನದ ರೂಢಿ ಹತ್ತುತ್ತೆ. ಮಗಳನ್ನು ದೂರದ ಊರಿಗೆ ಕೊಡ್ತಾರೆ, ಅಂಗಡಿಗೆ ದೂರದ ಗಿರಾಕಿ ಹುಡುಕ್ತಾರೆ, ಅಪ್ಪನಿಗೆ ಮುಂಬೈನ ಆಸ್ಪತ್ರೆ ಗೊತ್ತು ಮಾಡ್ತಾರೆ. ರೂಢಿ ಹತ್ತಿದ ಮೇಲೆ ವೇಳಾಪಟ್ಟಿಯಿಂದ ಸದ್ದಿಲ್ಲದೆ ಒಂದು ಸಾಲು ಮಾಯ.

ನಾನು ಕೇಳೋದು ದೊಡ್ಡದೇನಲ್ಲ. ಉಡಾನ್ ಮಾರ್ಗ ಉದ್ಘಾಟನೆ ಆದಾಗ ಮಂತ್ರಿಗಳ ಹೆಸರಿನ ಕಲ್ಲು ಹಾಕ್ತೀರಲ್ಲ, ಅದರ ಕೆಳಗೆ ನೆರವು ಮುಗಿಯುವ ತಾರೀಖನ್ನೂ ಬರೆಸಿ. ಆರು ತಿಂಗಳು ಮೊದಲೇ ಎಷ್ಟು ಸೀಟು ತುಂಬಿದವು, ಎಷ್ಟು ನಷ್ಟ ಅಂತ ಊರಿನವರ ಮುಂದೆ ಇಡಿ. ವಾಣಿಜ್ಯ ಸಂಘದವರು, ಪಾಲಿಕೆ, ರಾಜ್ಯ ಸರ್ಕಾರ ಕೂತು ಈ ಮಾರ್ಗ ನಮಗೆ ಬೇಕೋ ಬೇಡವೋ ತೀರ್ಮಾನ ಮಾಡಲಿ. ಬೇಕು ಅಂದರೆ ಆ 20 ಪರ್ಸೆಂಟನ್ನು ರಾಜ್ಯ ಇನ್ನೆರಡು ವರ್ಷ ಮುಂದುವರಿಸಲಿ.

ಅವತ್ತು ಕೊಗನೊಳ್ಳಿಯಲ್ಲಿ ಲೈವ್ ಮುಗಿಸಿ ಮೈಕ್ ಸುತ್ತಿಡುವಾಗ ಅಜ್ಜನನ್ನು ಕೇಳಿದೆ, ನೀವು ವಿಮಾನ ಹತ್ತಿದ್ದೀರಾ ಅಂತ. ಒಂದು ಸಲ, ತಿರುಪತಿಗೆ ಅಂದರು. ಕೊಲ್ಲಾಪುರದಿಂದಲೋ ಬೆಳಗಾವಿಯಿಂದಲೋ? "ಯಾವ ಕಡೆಯಿಂದ ಇರತೈತಿ ಆ ಕಡೆಯಿಂದ ಹೋಗೂದ್ರಿ," ಅಂತ ಹೇಳಿ ಚಹಾದ ಲೋಟ ಕೆಳಗಿಟ್ಟರು. ಬ್ಯಾರಿಕೇಡ್ ತೆಗೆಯೋಕೆ ಪೊಲೀಸರಿಗೆ ಇನ್ನೂ ಆದೇಶ ಬಂದಿರಲಿಲ್ಲ.