ಸಣ್ಣ ಸ್ಪೋರ್ಟ್ಸ್ ಕಾರಿನ ಮಾರ್ಪಾಡು

ಸಣ್ಣ ಸ್ಪೋರ್ಟ್ಸ್ ಕಾರಿನ ಮಾರ್ಪಾಡು ಎಂದರೆ ಎರಡು ಆಸನಗಳ, ಕಡಿಮೆ ತೂಕದ ಕಾರೊಂದನ್ನು ತಯಾರಕರು ಕೊಟ್ಟ ಸ್ಥಿತಿಯಿಂದ ಹಂತಹಂತವಾಗಿ ಬದಲಾಯಿಸುವ ಕ್ರಿಯೆ. ಚಕ್ರ, ಬ್ರೇಕು, ತೂಗುವ್ಯವಸ್ಥೆ, ಎಂಜಿನ್ ಮತ್ತು ಮೈಕಟ್ಟು ಇದರ ವ್ಯಾಪ್ತಿಗೆ ಬರುತ್ತವೆ. ಬಿಡಿಭಾಗಗಳ ಕೊರತೆ ಮತ್ತು ವೆಚ್ಚದ ಕಾರಣದಿಂದ ಈ ಕೆಲಸ ಸಾಮಾನ್ಯವಾಗಿ ಹಲವು ವರ್ಷ ಹಿಡಿಯುತ್ತದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯು ಇದಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿದೆ.

ಹಿನ್ನೆಲೆ

1957ರಲ್ಲಿ ಬ್ರಿಟನ್ನಿನ ಲೋಟಸ್ ಕಂಪನಿ ತಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿಯೂ ಮಾರಲಾಗುತ್ತಿತ್ತು. ಪೂರ್ತಿ ಜೋಡಿಸಿದ ಕಾರಿನ ಮೇಲಿದ್ದ ಖರೀದಿ ತೆರಿಗೆ ಕಿಟ್ಟಿಗೆ ಅನ್ವಯಿಸುತ್ತಿರಲಿಲ್ಲ. ಮನೆಯಲ್ಲೇ ಜೋಡಿಸಿದವರು ಮುಂದೆ ಮನೆಯಲ್ಲೇ ಬದಲಾಯಿಸಲೂ ತೊಡಗಿದರು. 1989ರಲ್ಲಿ ಬಂದ ಜಪಾನಿನ ಮಾಜ್ಡಾ ಎಂಎಕ್ಸ್-5 ಈ ಹವ್ಯಾಸವನ್ನು ಇನ್ನಷ್ಟು ದೇಶಗಳಿಗೆ ಹರಡಿತು.

ಸ್ಯಾನ್ ಸ್ಟಾರ್ಮ್

ಕರ್ನಾಟಕದಲ್ಲಿ ಈ ವರ್ಗಕ್ಕೆ ಸೇರುವ ಕಾರು ಸ್ಯಾನ್ ಸ್ಟಾರ್ಮ್. ಡೀಸೆಲ್ ಲೋಕೋಮೋಟಿವ್ ತಯಾರಿಸುವ, ಬೆಂಗಳೂರಿನ ವೈಟ್‌ಫೀಲ್ಡ್ ರಸ್ತೆಯ ಸ್ಯಾನ್ ಎಂಜಿನಿಯರಿಂಗ್ ಸಮೂಹಕ್ಕೆ ಸೇರಿದ ಸ್ಯಾನ್ ಮೋಟಾರ್ಸ್ ಇದನ್ನು 1998ರಲ್ಲಿ ಹೊರತಂದಿತು. ಅದೇ ವೈಟ್‌ಫೀಲ್ಡಿನಿಂದ ಪೂರ್ವಕ್ಕೆ ಹೋದರೆ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ಸಿಗುತ್ತದೆ. ತೆರೆದ ಮೇಲ್ಛಾವಣಿ, ಫೈಬರ್‌ಗ್ಲಾಸ್ ಮೈ, 1,149 ಸಿಸಿ ಸಾಮರ್ಥ್ಯದ ರೆನೊ ಎಂಜಿನ್ ಮತ್ತು ಸುಮಾರು 60 ಅಶ್ವಶಕ್ತಿ ಇದರ ಲಕ್ಷಣಗಳು. ಮುಂದೆ ದಿಲೀಪ್ ಛಾಬ್ರಿಯಾ ಅವರ ಡಿಸಿ ಡಿಸೈನ್ ಸಂಸ್ಥೆ ಇದರ ಮೈಕಟ್ಟನ್ನು ಮರುವಿನ್ಯಾಸಗೊಳಿಸಿತು. ಹೀಗೆ ಈ ಕಾರಿನ ಮಾರ್ಪಾಡು ತಯಾರಕರಿಂದಲೇ ನಡೆದಿದೆ.

ಸ್ಟಾರ್ಮ್ ಬಂದಾಗ ರೆನೊ ಕಾರುಗಳು ಭಾರತದ ಮಾರುಕಟ್ಟೆಯಲ್ಲಿರಲಿಲ್ಲ. ಮಹೀಂದ್ರ-ರೆನೊ ಲೋಗಾನ್ ಬಂದದ್ದು 2007ರಲ್ಲಿ, ಅದೂ ಬೇರೆ ಎಂಜಿನ್ನುಗಳೊಂದಿಗೆ. ಆದ್ದರಿಂದ ಇಂಥ ಅಪರೂಪದ ಕಾರಿನಲ್ಲಿ ಬೇರೆ ವಾಹನದ ಭಾಗವನ್ನು ಹೊಂದಿಸುವುದು ಹಲವೊಮ್ಮೆ ವೇಗದ ಹಂಬಲದಿಂದಲ್ಲ, ಕಾರು ನಿಂತುಹೋಗಬಾರದೆಂಬ ಅಗತ್ಯದಿಂದ. ದುರಸ್ತಿಗೂ ಮಾರ್ಪಾಡಿಗೂ ನಡುವಣ ಗೆರೆ ಇಲ್ಲಿ ಮಸುಕಾಗಿದೆ. ಕಾನೂನು ಮಾತ್ರ ಆ ಗೆರೆಯನ್ನು ಸ್ಪಷ್ಟವಾಗಿ ಎಳೆಯುತ್ತದೆ.

ಕೆಲಸದ ಕ್ರಮ

ಬ್ರೇಕು ಮತ್ತು ಟೈರುಗಳನ್ನು ಮೊದಲು, ಎಂಜಿನ್ನನ್ನು ಕೊನೆಗೆ ಮುಟ್ಟುವುದು ಸರಿಯಾದ ಕ್ರಮ. ವೇಗ ಇಮ್ಮಡಿಯಾದರೆ ಬ್ರೇಕು ಹೀರಬೇಕಾದ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ದ್ರವಕ್ಕೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯಾದಾಗ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ದುಬಾರಿ ಡಿಸ್ಕುಗಳನ್ನು ಕೊಳ್ಳುವ ಮೊದಲು ಹಳೆಯ ದ್ರವವನ್ನು ಬದಲಾಯಿಸುವುದು ಅಗ್ಗದ, ಆದರೆ ಹೆಚ್ಚಾಗಿ ಮರೆತುಹೋಗುವ ಸುಧಾರಣೆ.

ಚಕ್ರ ದೊಡ್ಡದಾದಾಗ ಟೈರಿನ ಪಕ್ಕದ ಎತ್ತರ ಕಡಿಮೆಯಾಗಿ ಒಟ್ಟು ವ್ಯಾಸ ಹೆಚ್ಚುಕಡಿಮೆ ಹಾಗೆಯೇ ಉಳಿಯಬೇಕು. ಉದಾಹರಣೆಗೆ 165/65 ಆರ್13 ಟೈರಿನ ವ್ಯಾಸ ಸುಮಾರು 545 ಮಿ.ಮೀ.; 175/55 ಆರ್14 ಟೈರಿನದು 548 ಮಿ.ಮೀ. ವ್ಯಾಸ ಗಣನೀಯವಾಗಿ ಹೆಚ್ಚಿದರೆ ವೇಗಮಾಪಕವು ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸುವುದು ತಿರುವುಗಳಲ್ಲಿ ನೆರವಾದರೂ, ಎತ್ತರದ ರಸ್ತೆ ಉಬ್ಬುಗಳಿರುವ ಹಳ್ಳಿ ದಾರಿಗಳಲ್ಲಿ ಅದರ ತಳ ಉಜ್ಜುತ್ತದೆ.

ಫೈಬರ್‌ಗ್ಲಾಸ್ ಮೈ ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಕೆಳಗಿನ ಉಕ್ಕಿನ ಭಾಗಗಳು ಹಿಡಿಯುತ್ತವೆ, ಹೊಳೆಯುವ ಮೈ ಅದನ್ನು ಮರೆಮಾಚುತ್ತದೆ. ಬಣ್ಣಕ್ಕೆ ಹಣ ಹಾಕುವ ಮೊದಲು ಬೆಸುಗೆಗಳನ್ನೂ ಆಸನಪಟ್ಟಿಯ ಆಧಾರಗಳನ್ನೂ ಪರಿಶೀಲಿಸಬೇಕಾಗುತ್ತದೆ.

ಎಂಜಿನ್ನಿನ ವಿಷಯದಲ್ಲಿ ಸ್ಥಳದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ. 8ರಷ್ಟು ಕಡಿಮೆ. ಟರ್ಬೊ ಇಲ್ಲದ 60 ಅಶ್ವಶಕ್ತಿಯ ಎಂಜಿನ್ ಬೆಂಗಳೂರಿನ ಸುತ್ತಮುತ್ತ ಕೊಡುವುದು ಅಂದಾಜು 55 ಮಾತ್ರ. ಗಾಳಿ ಶೋಧಕ ಬದಲಾಯಿಸಿದ್ದರಿಂದ ಈ ಕೊರತೆ ತುಂಬುವುದಿಲ್ಲ. ಹೆಚ್ಚುವುದು ಮುಖ್ಯವಾಗಿ ಸದ್ದು. ಟರ್ಬೊ ಜೋಡಿಸಿದರೆ ಶಕ್ತಿ ಹೆಚ್ಚುತ್ತದೆ, ಆದರೆ ಇಂಧನ ಮತ್ತು ಕಿಡಿಯ ಹೊಂದಾಣಿಕೆ ತಪ್ಪಿದಲ್ಲಿ ಇಂಧನವು ಹೊತ್ತಿಗೆ ಮುನ್ನ ಸ್ಫೋಟಗೊಂಡು ಪಿಸ್ಟನ್ ಹಾಳಾಗುತ್ತದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಭಿನ್ನವಾಗುವ ಹಾಗೆ ಒಡೆಯರು ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನಾ ವ್ಯತ್ಯಾಸವನ್ನು ಕಾಯ್ದೆ ಮಾರ್ಪಾಡು ಎಂದು ಕರೆಯುತ್ತದೆ. ಬೇರೆ ಇಂಧನಕ್ಕೆ ಪರಿವರ್ತಿಸುವ ಕಿಟ್ ಅಳವಡಿಕೆಗೆ ಷರತ್ತುಬದ್ಧ ಅವಕಾಶವಿದೆ. ಕೇರಳ ಉಚ್ಚ ನ್ಯಾಯಾಲಯ ಈ ನಿಯಮವನ್ನು ಸಡಿಲವಾಗಿ ಅರ್ಥೈಸಿತ್ತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ ತಯಾರಕರ ಮೂಲ ವಿವರಗಳೇ ಅಂತಿಮ ಎಂದು ಹೇಳಿತು.

ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಒಂದೇ ಕಾರಿನಲ್ಲಿ ವರ್ಷಗಳಿಂದ ಸೇರುತ್ತ ಬಂದ ಬದಲಾವಣೆಗಳು ಹೀಗೆ ಒಂದೊಂದಾಗಿ ಲೆಕ್ಕಕ್ಕೆ ಬರಬಲ್ಲವು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ಬಳಿಕ ಪರಿಹಾರದ ವಿವಾದಕ್ಕೆ ಎಡೆಮಾಡುತ್ತದೆ.

ಸ್ಪರ್ಧೆಗಷ್ಟೇ ಮೀಸಲಾದ ಕಾರುಗಳಿಗೆ ಭಾರತೀಯ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟದ ತಾಂತ್ರಿಕ ನಿಯಮಗಳು ಅನ್ವಯಿಸುತ್ತವೆ. ಬೆಂಗಳೂರಿನ ಭಾಗದವರಿಗೆ ಹತ್ತಿರದ ಶಾಶ್ವತ ಓಟದ ಪಥಗಳು ಇರುವುದು ತಮಿಳುನಾಡಿನಲ್ಲಿ: ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ.